ಕಾಂಡ್ಲ ಎಲೆ ರಾಶಿ ಬಿದ್ದರೂ ಹೊಳೆ ಯಾಕೆ ನಾರುವುದಿಲ್ಲ?

ಪ್ರಶ್ನೆ: ನಮ್ಮ ಮನೆ ಉಡುಪಿ ಹತ್ತಿರದ ಕೋಡಿ ಬೆಂಗ್ರೆಯಲ್ಲಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಹೊಳೆ ಬದಿಯ ಕಾಂಡ್ಲ (ಮ್ಯಾಂಗ್ರೋವ್) ಗಿಡಗಳಿಂದ ವರ್ಷವಿಡೀ ಎಲೆ ಬೀಳುತ್ತದೆ. ನೀರೂ ಬೆಚ್ಚಗೆ. ಬ್ಯಾಕ್ಟೀರಿಯಾಕ್ಕೆ ಇನ್ನೇನು ಬೇಕು? ಆದರೂ ನೀರು ಯಾಕೆ ಕೊಳೆತು ನಾರುವುದಿಲ್ಲ?

ಉತ್ತರ: ನಿಮ್ಮೂರಲ್ಲೇ ತೋಟ ಇರುವವರನ್ನು ಕೇಳಿ ನೋಡಿ. ಬರೀ ತರಗೆಲೆ ರಾಶಿ ಹಾಕಿಟ್ಟರೆ ಅದು ಸುಮ್ನೆ ಬಿದ್ದಿರುತ್ತದೆ, ಬೇಗ ಕರಗುವುದಿಲ್ಲ. ಅದನ್ನೇ ಹಟ್ಟಿಗೆ ಹಾಸಿ, ಮೇಲೆ ಸೆಗಣಿ, ಗಂಜಳ ಬಿದ್ದರೆ ಕೆಲವೇ ತಿಂಗಳಲ್ಲಿ ಒಳ್ಳೆ ಗೊಬ್ಬರ. ಎಲೆ ಒಂದೇ, ಅಲ್ವಾ? ಸೆಗಣಿ ಗಂಜಳ ತಂದದ್ದು ಸಾರಜನಕ ಮತ್ತು ರಂಜಕ. ಹೊಳೆಯಲ್ಲೂ ಇದೇ ಕತೆ.

ನೀರಿಗೆ ಬಿದ್ದ ಒಂದು ಹಳದಿ ಕಾಂಡ್ಲ ಎಲೆ ತೆಗೆದು ಬೆರಳಲ್ಲಿ ಉಜ್ಜಿ. ಲೋಳೆ ಲೋಳೆ ಎನ್ನಿಸುವ ಆ ಪೊರೆಯಲ್ಲಿ ಬ್ಯಾಕ್ಟೀರಿಯಾ ತುಂಬಿವೆ. ಆದರೆ ಎಲೆ ಒಳಗೆ ಹೆಚ್ಚೇನೂ ಉಳಿದಿರುವುದಿಲ್ಲ. ಗಿಡ ಬಹಳ ಜಿಪುಣ. ಎಲೆ ಉದುರಿಸುವ ಮೊದಲೇ ಅದರಲ್ಲಿದ್ದ ಸಾರಜನಕ, ರಂಜಕದ ದೊಡ್ಡ ಪಾಲನ್ನು ವಾಪಸ್ ಎಳೆದುಕೊಂಡಿರುತ್ತದೆ. ಬ್ಯಾಕ್ಟೀರಿಯಾದ ಮೈಯಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 5 ಪಾಲು ಕಾರ್ಬನ್. ಉದುರಿದ ಎಲೆಯಲ್ಲಿ ಆ 5ರ ಜಾಗದಲ್ಲಿ 50 ದಾಟುವುದು ಸಾಮಾನ್ಯ. ಹಾಗಾಗಿ ಎಲೆ ತಿನ್ನಬೇಕಾದರೆ ಕೊರತೆ ಬಿದ್ದದ್ದನ್ನು ನೀರಿನಿಂದಲೇ ಹೆಕ್ಕಿಕೊಳ್ಳಬೇಕು.

ರಂಜಕದ ಅಗತ್ಯವಂತೂ ಜಾಸ್ತಿ. ಡಿಎನ್‌ಎ, ಆರ್‌ಎನ್‌ಎ, ಜೀವಕೋಶದ ಪೊರೆ, ಎಲ್ಲಕ್ಕೂ ಅದು ಬೇಕು. ಬೇಗ ಬೆಳೆಯುವ ಜೀವಿಗೆ ಇನ್ನೂ ಹೆಚ್ಚು. ನಮ್ಮ ಕರಾವಳಿಯ ಮುರಕಲ್ಲಿನ ಕೆಂಪು ಮಣ್ಣಿನಲ್ಲಿ ಕಬ್ಬಿಣ ತುಂಬಿದೆ. ಕಬ್ಬಿಣ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಳೆಗಾಲದಲ್ಲಿ ಸ್ವರ್ಣಾ, ಸೀತಾ ನದಿಗಳು ಕೆಂಪಗೆ ಹರಿದು ಬಂದರೂ ಆ ರಂಜಕವೆಲ್ಲ ಬ್ಯಾಕ್ಟೀರಿಯಾದ ಕೈಗೆ ಸಿಗುವಂಥದ್ದಲ್ಲ. ಮೇಲಿಂದ ಆಗ ನೀರು ಅಳಿವೆ ದಾಟಿ ಕಡಲು ಸೇರುವ ವೇಗಕ್ಕೆ ಬೆಳೆಯಲು ಪುರುಸೊತ್ತೂ ಇಲ್ಲ.

ಯಾವುದರ ಕೊರತೆ ಎಂದು ಗೊತ್ತಾಗುವುದು ಹೇಗೆ? ಪರೀಕ್ಷೆ ಸರಳ. ಒಂದೇ ಜಾಗದ ನೀರನ್ನು ಐದು ಬಾಟಲಿಗೆ ತುಂಬುವುದು. ಒಂದಕ್ಕೆ ಏನೂ ಹಾಕುವುದಿಲ್ಲ. ಇನ್ನೊಂದಕ್ಕೆ ಗ್ಲೂಕೋಸ್, ಮತ್ತೊಂದಕ್ಕೆ ಸಾರಜನಕದ ಲವಣ, ನಾಲ್ಕನೆಯದಕ್ಕೆ ರಂಜಕದ ಲವಣವಾದ ಫಾಸ್ಫೇಟ್, ಕೊನೆಯದಕ್ಕೆ ಎಲ್ಲವೂ. ಕತ್ತಲಲ್ಲಿ ಒಂದೆರಡು ದಿನ ಇಟ್ಟು, ಹೊಳೆಯುವ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ಬ್ಯಾಕ್ಟೀರಿಯಾ ಎಣಿಸುವುದು. ಯಾವ ಬಾಟಲಿ ಮುಂದೆ ಓಡಿತೋ ಅದರಲ್ಲಿ ಹಾಕಿದ್ದೇ ಕೊರತೆ ಇದ್ದದ್ದು. ಉತ್ತರ ಎಲ್ಲ ಕಡೆ ಒಂದೇ ಬರುವುದಿಲ್ಲ. ಬ್ರೆಜಿಲ್‌ನ ರಿಯೊ ಡಿ ಜನೈರೊ ಕರಾವಳಿಯಲ್ಲಿ ಚಹಾ ಬಣ್ಣದ ಲಗೂನ್‌ಗಳಿವೆ (ಕಡಲ ಬದಿಯ ಕೆರೆಯಂಥ ಹಿನ್ನೀರು). ಅಲ್ಲಿ ಕರಗಿದ ಕಾರ್ಬನ್ ಬೇಕಾದಷ್ಟು, ಆದರೆ ನೀರಿಗೆ ಆ ಬಣ್ಣ ಕೊಡುವ ಭಾಗ ಸುಲಭಕ್ಕೆ ಜೀರ್ಣವಾಗುವುದಿಲ್ಲ. ಇದೆ ಅಂದಮಾತ್ರಕ್ಕೆ ತಿನ್ನಲು ಬರುತ್ತದೆ ಎಂದಲ್ಲ.

ಇನ್ನೊಂದು ವಿಷಯ. ಬೆಳೆಯುವುದು ಬೇರೆ, ಲೆಕ್ಕದಲ್ಲಿ ಹೆಚ್ಚುವುದು ಬೇರೆ. ಇಂಥ ನೀರಿನ ಒಂದು ಮಿಲಿಲೀಟರಿನಲ್ಲಿ ಬ್ಯಾಕ್ಟೀರಿಯಾ 10 ಲಕ್ಷದ ಆಸುಪಾಸು. ಹುಟ್ಟುವಷ್ಟನ್ನೇ ಹೆಚ್ಚುಕಡಿಮೆ ಅವುಗಳಿಗಿಂತ ದೊಡ್ಡ ಏಕಕೋಶ ಜೀವಿಗಳು ತಿಂದು ಮುಗಿಸುತ್ತವೆ, ವೈರಸ್‌ಗಳು ಕೊಲ್ಲುತ್ತವೆ.

ಈ ಲೆಕ್ಕ ತಪ್ಪುವುದು ಚರಂಡಿ ನೀರು ಸೇರಿದಾಗ. ಹಟ್ಟಿಯಲ್ಲಿ ಸೆಗಣಿ ಮಾಡಿದ ಕೆಲಸವನ್ನೇ ಅದು ಹೊಳೆಯಲ್ಲಿ ಮಾಡುತ್ತದೆ. ಬ್ಯಾಕ್ಟೀರಿಯಾ ಒಮ್ಮೆಲೆ ಬೆಳೆದು ನೀರಿನ ಆಮ್ಲಜನಕ ಖಾಲಿ ಮಾಡುತ್ತವೆ. ಬೇಸಿಗೆಯಲ್ಲಿ ನೀರು ನಿಧಾನವಾದಾಗ ಇದು ಬೇಗ ಆಗುತ್ತದೆ. ಮೀನು ಬಾಯಿ ಬಿಡುತ್ತಾ ಮೇಲೆ ಬರುವುದು, ನೀರು ಕಪ್ಪಾಗಿ ಕೊಳೆತ ಮೊಟ್ಟೆಯ ನಾತ ಬರುವುದು ಆಗಲೇ. ಮರುವಾಯಿ (ಚಿಪ್ಪು) ಹೆಕ್ಕಲು ಕೆಸರಿಗೆ ಕಾಲಿಟ್ಟಾಗಲೂ ಅಂಥದ್ದೇ ವಾಸನೆ ಏಳುತ್ತದೆ. ಅದಕ್ಕೆ ಹೆದರಬೇಕಿಲ್ಲ. ಕಾಂಡ್ಲದ ಕೆಸರಿನ ಒಳಗೆ ಗಾಳಿ ಆಡುವುದಿಲ್ಲ, ಅಲ್ಲಿ ಅದು ಯಾವಾಗಲೂ ಇರುವಂಥದ್ದೇ.