ಮಂಗ ಸತ್ತಿಲ್ಲವಲ್ಲ, ಮತ್ತೆ ಉಣುಗು ಹಿಡಿಯುವುದೇಕೆ?

ಪ್ರಶ್ನೆ: ನಮ್ಮ ಊರಿನ ಸುತ್ತ ಈ ವರ್ಷ ಒಂದು ಮಂಗವೂ ಸತ್ತಿಲ್ಲ. ಆದರೂ ಸೊಪ್ಪಿನಬೆಟ್ಟದಲ್ಲಿ ಬಿಳಿ ಬಟ್ಟೆ ಎಳೆದು ಉಣುಗು ಹಿಡಿಯುತ್ತಿದ್ದಾರೆ. ಇದರ ಅಗತ್ಯವೇನು?

ಉತ್ತರ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯಿಂದ ಬೇಸಿಗೆ ಬಂತೆಂದರೆ ಬರುವ ಪ್ರಶ್ನೆಯಿದು. ಉತ್ತರವೂ ಹಳೆಯದೇ, ಇನ್ನೊಮ್ಮೆ ಬರೆಯುತ್ತೇನೆ.

ಮಂಗ ಸತ್ತರಷ್ಟೇ ಉಣುಗಿಗೆ ಹೆದರಬೇಕೆಂಬ ನಂಬಿಕೆ ಹುಟ್ಟಿದ್ದು, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳ ಸಾವಿನೊಂದಿಗೆ ಬೆಳಕಿಗೆ ಬಂದ ಮಂಗನ ಕಾಯಿಲೆಯಿಂದ. ಉಣುಗು ಕಚ್ಚಿ ಮನುಷ್ಯರಿಗೂ ಹರಡುವ ಆ ಕಾಯಿಲೆಯ ವೈರಾಣು ಮಂಗ, ಮುಸುವಗಳನ್ನು ಕೊಲ್ಲುವುದರಿಂದ ಅವುಗಳ ಸಾವು ನಮಗೊಂದು ಮುನ್ಸೂಚನೆ, ನಿಜ. ಆದರೆ ಸೂಚನೆ ಸಿಗಲಿಲ್ಲವೆಂದ ಮಾತ್ರಕ್ಕೆ ಅಪಾಯವಿಲ್ಲವೆಂದಾಗದು. ಹಳುವಿನೊಳಗೆ ಸತ್ತುಬಿದ್ದ ಮಂಗವನ್ನು ಕಂಡು ಬಂದು ಹೇಳುವವರು ಯಾರು? ಅದಕ್ಕಿಂತ ಮುಖ್ಯವಾಗಿ, ಉಣುಗು ಹೊರುವುದು ವೈರಾಣುವನ್ನಷ್ಟೇ ಅಲ್ಲ. ಮೈಮೇಲೆ, ಎಷ್ಟೋ ಸಲ ಅಂಗೈ ಅಂಗಾಲುಗಳ ಮೇಲೂ ಕೆಂಪು ಗಂದೆ ಏಳಿಸುವ ಚುಕ್ಕೆ ಜ್ವರಕ್ಕೆ ಕಾರಣ ರಿಕೆಟ್ಸಿಯಾ ಎಂಬ ಬ್ಯಾಕ್ಟೀರಿಯಾ. ಅದು ತಾಯಿ ಉಣುಗಿನಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ದಾಟುತ್ತದೆ. ಅದಕ್ಕೆ ಮಂಗದ ಹಂಗೇ ಇಲ್ಲ. ‘ಮಂಗನ ಕಾಯಿಲೆ ಪರೀಕ್ಷೆ ನೆಗೆಟಿವ್ ಬಂದಿದೆ, ಹಾಗಾಗಿ ಇದು ಉಣುಗಿನ ಜ್ವರವಲ್ಲ’ ಎನ್ನುವುದೂ ಇದೇ ತಪ್ಪಿನ ಇನ್ನೊಂದು ಕವಲು. ಮಂಗನ ಕಾಯಿಲೆಯ ವೈರಾಣುವನ್ನೇ ಕೊಲ್ಲುವ ಔಷಧವಿಲ್ಲ, ಆರೈಕೆಯೇ ಚಿಕಿತ್ಸೆ. ರಿಕೆಟ್ಸಿಯಾಕ್ಕಾದರೋ ಡಾಕ್ಸಿಸೈಕ್ಲಿನ್ ಇದೆ, ಆದರೆ ಬೇಗ ಕೊಡಬೇಕು. ಗುಣವಾಗುವ ಜ್ವರವನ್ನು ಗುಣವಾಗದ ಹಂತಕ್ಕೆ ತರುವುದು ಈ ನಂಬಿಕೆಯೇ.

ಬಟ್ಟೆ ಎಳೆಯುವ ಕ್ರಮ ಸರಳವಾದುದು. ಹುಲ್ಲಿನ ತುದಿಯಲ್ಲೋ ದರಗಿನ ಮೇಲೋ ಮುಂಗಾಲು ಚಾಚಿ ಕಾಯುವ ಉಣುಗು, ಹಾದುಹೋಗುವ ಬಟ್ಟೆಯನ್ನೇ ಪ್ರಾಣಿಯೆಂದು ಹಿಡಿದುಕೊಳ್ಳುತ್ತದೆ. ಬಿಳಿ ಬಟ್ಟೆಯಾದರೆ ಎಳ್ಳಿಗಿಂತ ಸಣ್ಣ ಮರಿಯೂ ಕಾಣುತ್ತದೆ. ಚಿಮಟದಿಂದ ಬಿಡಿಸಿ, ಜಾಗ ಮತ್ತು ದಿನಾಂಕ ಬರೆದ ಶೀಸೆಗೆ ಹಾಕಿ, ಜಾತಿವಾರು ವಿಂಗಡಿಸಿ, ಅರೆದು, ಪಿಸಿಆರ್ ಪರೀಕ್ಷೆಯಲ್ಲಿ ರೋಗಾಣುವಿನ ಅಂಶವನ್ನು ಹುಡುಕುತ್ತಾರೆ. ಸಿಕ್ಕರೆ ಊರಿಗೆಲ್ಲ ಜ್ವರ ಬರುತ್ತದೆಂದಲ್ಲ. ಜ್ವರವೆಂದು ಬಂದವರಲ್ಲಿ ಏನನ್ನು ಶಂಕಿಸಬೇಕೆಂಬುದು ವೈದ್ಯರಿಗೆ ಮೊದಲೇ ತಿಳಿದಿರುತ್ತದೆ.

ಹಾಗಾದರೆ ಕೆಲವೆಡೆ ಇಲಿಬೋನನ್ನೂ ಇಡುವುದೇಕೆಂದು ಯಾರೂ ಕೇಳಿಲ್ಲ, ಕೇಳಬೇಕಿತ್ತು. ಸ್ಕ್ರಬ್ ಟೈಫಸ್ ಎಂಬ ಇನ್ನೊಂದು ಜ್ವರವನ್ನು ತರುವುದು ಉಣುಗಲ್ಲ, ಇಲಿಗಳ ಕಿವಿಯೊಳಗೆ ಗುಂಪಾಗಿ ಅಂಟಿರುವ, ಕಣ್ಣಿಗೆ ಕಂಡೂ ಕಾಣದಂಥ ನುಸಿಮರಿ. ಅದು ಕಚ್ಚಿದಲ್ಲಿ ಅನೇಕರಿಗೆ ಬೀಡಿಯಿಂದ ಸುಟ್ಟಂತಹ ಕಪ್ಪು ಹಕ್ಕಳೆ ಕಟ್ಟುತ್ತದೆ, ಅದೂ ಕಂಕುಳಲ್ಲೋ ತೊಡೆಸಂದಿಯಲ್ಲೋ. ನೋವಿಲ್ಲದ ಕಾರಣ ರೋಗಿಗೆ ಅದರ ಅರಿವಿರುವುದಿಲ್ಲ, ಇದ್ದರೂ ಸಂಕೋಚದಿಂದ ವೈದ್ಯರಿಗೆ ತೋರಿಸುವುದಿಲ್ಲ.