ಹೆಡ್‌ಫೋನ್ ಹಾಡುತ್ತದೆ, ಸ್ಪೀಕರ್ ಯಾಕೆ ಹಾಡಲ್ಲ?

ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡವರ ದೂರುಗಳಲ್ಲಿ ಇದೊಂದು ವಿಚಿತ್ರವಾದದ್ದು. ವೈಫೈ ಬಂತು, ಪರದೆ ಚೆನ್ನಾಗಿದೆ, ಟಚ್‌ಪ್ಯಾಡೂ ಸರಿ. ಹೆಡ್‌ಫೋನ್ ಚುಚ್ಚಿದರೆ ಹಾಡು ಸ್ಪಷ್ಟವಾಗಿ ಕೇಳುತ್ತದೆ. ಅದನ್ನು ಕಿತ್ತರೆ ಏನೂ ಇಲ್ಲ. ವಾಲ್ಯೂಮ್ ಏರಿಸಬಹುದು, ಇಳಿಸಬಹುದು, ಮೀಟರ್ ಕುಣಿಯುತ್ತಲೇ ಇರುತ್ತದೆ. ಸ್ಪೀಕರಿನಿಂದ ಮಾತ್ರ ಒಂದು ಚೂರೂ ಸದ್ದು ಹೊರಡುವುದಿಲ್ಲ. ಅದೇ ಯಂತ್ರದಲ್ಲಿ ವಿಂಡೋಸ್ ಓಡಿಸಿದರೆ ಎಲ್ಲ ಸರಿ.

"ಡ್ರೈವರ್ ಇಲ್ಲ ಅನ್ಸುತ್ತೆ" ಎಂದು ಯಾರಾದರೂ ಹೇಳೇ ಹೇಳುತ್ತಾರೆ. ಡ್ರೈವರ್ ಅಂದರೆ ಒಂದು ಬಿಡಿಭಾಗವನ್ನು ನಡೆಸುವ ತಂತ್ರಾಂಶ. ಡ್ರೈವರ್ ಇಲ್ಲದಿದ್ದರೆ ಹೆಡ್‌ಫೋನೂ ಹಾಡುತ್ತಿರಲಿಲ್ಲ, ಅಲ್ವಾ? ಇಲ್ಲಿ ಕೊರತೆ ಇರುವುದು ಮಾಹಿತಿಯದು. ಆ ಚಿಪ್ ಲಿನಕ್ಸಿಗೆ ಗೊತ್ತು. ಈ ಲ್ಯಾಪ್‌ಟಾಪ್ ಮಾಡಿದವರು ಚಿಪ್ಪಿನ ಯಾವ ಕಾಲಿನಿಂದ ಎಲ್ಲಿಗೆ ತಂತಿ ಎಳೆದಿದ್ದಾರೆ ಅನ್ನುವುದು ಗೊತ್ತಿಲ್ಲ.

ಹಿಂದೆ ಕಥೆ ಬೇರೆ ಇತ್ತು. ಆಗ ನಿಜವಾಗಿಯೂ ಡ್ರೈವರೇ ಇರುತ್ತಿರಲಿಲ್ಲ. ಇವತ್ತು ಲಿನಕ್ಸಿನ ಬಹುಪಾಲು ಸದ್ದಿಗೆ ತಳಪಾಯವಾಗಿರುವ ಆಲ್ಸಾ ಅನ್ನುವ ತಂತ್ರಾಂಶ ಹುಟ್ಟಿದ್ದೇ ಅಂಥ ಒಂದು ಸೌಂಡ್ ಕಾರ್ಡಿನಿಂದ. ಚೆಕ್ ದೇಶದ ಯಾರೊಸ್ಲಾವ್ ಕಿಸೆಲಾ ಗ್ರೇವಿಸ್ ಅಲ್ಟ್ರಾಸೌಂಡ್ ಕಾರ್ಡಿಗಾಗಿ ಬರೆದ ಡ್ರೈವರ್ ಬೆಳೆದು, 1998ರಲ್ಲಿ ಆಲ್ಸಾ ಯೋಜನೆ ಶುರುವಾಯಿತು. 2003ರ ಡಿಸೆಂಬರಿನಲ್ಲಿ ಬಂದ 2.6 ಕರ್ನಲ್ (ಕರ್ನಲ್ ಅಂದರೆ ಲಿನಕ್ಸಿನ ತಿರುಳು) ಹೊತ್ತಿಗೆ ಅದೇ ಮುಖ್ಯ ವ್ಯವಸ್ಥೆಯಾಗಿತ್ತು. ಹಾಗಂತ ಎಲ್ಲ ಕಾರ್ಡ್‌ಗಳೂ ದಾರಿಗೆ ಬಂದವು ಅಂತಲ್ಲ. ಕ್ರಿಯೇಟಿವ್ ಕಂಪನಿ 2005ರಲ್ಲಿ ಎಕ್ಸ್-ಫೈ ಕಾರ್ಡ್ ತಂದಿತು. 5 ಕೋಟಿಗೂ ಹೆಚ್ಚು ಟ್ರಾನ್ಸಿಸ್ಟರ್ ತುಂಬಿದ ಭಾರಿ ಚಿಪ್. ಲಿನಕ್ಸಿನಲ್ಲಿ ಮಾತ್ರ ಅದು ದುಡ್ಡು ಕೊಟ್ಟು ತಂದ ಒಂದು ಹಲಗೆ ಅಷ್ಟೇ. ಕಂಪನಿ ಕೊನೆಗೆ 2008ರಲ್ಲಿ ಡ್ರೈವರಿನ ಮೂಲಕೋಡನ್ನು ಮುಕ್ತ ಲೈಸೆನ್ಸ್ ಅಡಿಯಲ್ಲಿ ಬಿಟ್ಟುಕೊಟ್ಟಿತು. ಆಲ್ಸಾ ನೋಡಿಕೊಳ್ಳುವ ತಕಾಶಿ ಇವಾಯ್ ಅದನ್ನು ತಿದ್ದಿ ತೀಡಿ ಕರ್ನಲಿಗೆ ಸೇರಿಸಿದರು. 2009ರ 2.6.31 ಕರ್ನಲಿನಿಂದ ಆ ಕಾರ್ಡ್ ತಾನಾಗಿಯೇ ಕೆಲಸ ಮಾಡತೊಡಗಿತು.

ಇಂಟೆಲ್ 2004ರಲ್ಲಿ ಹೈ ಡೆಫಿನಿಷನ್ ಆಡಿಯೋ, ಅಂದರೆ ಎಚ್‌ಡಿಎ, ಅನ್ನುವ ಮಾನದಂಡ ತಂದ ಮೇಲೆ ಪರಿಸ್ಥಿತಿ ಬದಲಾಯಿತು. ಮದರ್‌ಬೋರ್ಡಿನಲ್ಲಿ ಒಂದು ನಿಯಂತ್ರಕ, ಅದಕ್ಕೆ ಜೋಡಿಸಿದ ಕೋಡೆಕ್ ಅನ್ನುವ ಸಣ್ಣ ಚಿಪ್. ಕೋಡೆಕ್ ಯಾರದೇ ಆಗಿರಲಿ, ಅದರ ಜೊತೆ ಮಾತಾಡುವ ಭಾಷೆ ಒಂದೇ. ಹಾಗಾಗಿ ಒಂದೇ ಡ್ರೈವರ್ ಲೆಕ್ಕವಿಲ್ಲದಷ್ಟು ಯಂತ್ರಗಳಿಗೆ ಸಾಕಾಯಿತು. ಇದು ಒಳ್ಳೆಯ ವಿನ್ಯಾಸ, ಸಂಶಯವಿಲ್ಲ. ತೊಂದರೆ ಇರುವುದು ಅದರ ಒಂದು ನಂಬಿಕೆಯಲ್ಲಿ. ಲ್ಯಾಪ್‌ಟಾಪ್ ತಯಾರಕರು ತಮ್ಮ ವೈರಿಂಗ್ ವಿವರವನ್ನು ಪ್ರಾಮಾಣಿಕವಾಗಿ ಬರೆದಿಡುತ್ತಾರೆ ಅಂತ ಅದು ನಂಬುತ್ತದೆ.

ಕೋಡೆಕ್ ಒಳಗೆ ಹಲವಾರು ಘಟಕಗಳಿರುತ್ತವೆ. ಒಂದು ಅಂಕಿಗಳನ್ನು ವಿದ್ಯುತ್ ಅಲೆಯಾಗಿ ಮಾಡುತ್ತದೆ, ಇನ್ನೊಂದು ಅಲೆಗಳನ್ನು ಬೆರೆಸುತ್ತದೆ, ಮತ್ತೊಂದು ಸದ್ದನ್ನು ಏರಿಸಿ ಇಳಿಸುತ್ತದೆ. ಕೊನೆಗೆ ಹೊರಜಗತ್ತಿಗೆ ತೆರೆದುಕೊಳ್ಳುವ ಪಿನ್‌ಗಳು. ಪ್ರತಿ ಘಟಕಕ್ಕೂ ಒಂದು ನಂಬರ್. ಡ್ರೈವರ್ ಕಳಿಸುವ ಆಜ್ಞೆ 32 ಬಿಟ್ ಉದ್ದ. ಮೊದಲ 4 ಬಿಟ್ ಯಾವ ಕೋಡೆಕ್ ಎಂದು ಹೇಳುತ್ತವೆ, ಮುಂದಿನ 8 ಯಾವ ಘಟಕ ಎಂದು, ಉಳಿದ 20 ಏನು ಮಾಡಬೇಕು ಎಂದು.

ಈಗ ಯಾವ ಪಿನ್ ಸ್ಪೀಕರಿಗೆ ಹೋಗಿದೆ, ಯಾವುದು ಹೆಡ್‌ಫೋನ್ ತೂತಿಗೆ, ಯಾವುದು ಖಾಲಿ? ಚಿಪ್ ತಯಾರಿಸಿದವರಿಗೆ ಅದು ಗೊತ್ತಿರಲು ಸಾಧ್ಯವಿಲ್ಲ. ಒಂದೇ ಚಿಪ್ಪನ್ನು ಹತ್ತು ಕಂಪನಿಗಳು ಹತ್ತು ಥರ ಜೋಡಿಸುತ್ತವೆ. ಬಾಡಿಗೆ ಮನೆಗೆ ಹೊಸದಾಗಿ ಬಂದವರು ಸ್ವಿಚ್‌ಬೋರ್ಡ್ ಮುಂದೆ ನಿಂತ ಹಾಗೆ: ಸ್ವಿಚ್‌ಗಳೆಲ್ಲ ಕಣ್ಣೆದುರಿಗಿವೆ, ಯಾವುದು ಯಾವ ದೀಪಕ್ಕೆ ಅಂತ ಹೇಳುವವರಿಲ್ಲ. ಅದಕ್ಕೇ ಪ್ರತಿ ಪಿನ್ನಿಗೂ ಒಂದು 32 ಬಿಟ್ ಚೀಟಿ ಇರಬೇಕು ಎಂದು ಮಾನದಂಡ ಹೇಳುತ್ತದೆ. ಯಂತ್ರ ಶುರುವಾಗುವಾಗ ಬಯೋಸ್, ಅಂದರೆ ಮದರ್‌ಬೋರ್ಡಿನಲ್ಲೇ ಇರುವ ಆರಂಭದ ತಂತ್ರಾಂಶ, ಈ ಚೀಟಿಗಳನ್ನು ತುಂಬಬೇಕು.

ಈ ಚೀಟಿ ಓದುವುದರಲ್ಲಿ ಒಂಥರಾ ಮಜಾ ಇದೆ. ಲ್ಯಾಪ್‌ಟಾಪ್ ಸ್ಪೀಕರಿನ ಚೀಟಿ ಹೆಕ್ಸ್ ಲೆಕ್ಕದಲ್ಲಿ (ಹತ್ತರ ಬದಲು ಹದಿನಾರರ ಎಣಿಕೆ) ಸಾಮಾನ್ಯವಾಗಿ 90170110 ಎಂದಿರುತ್ತದೆ. ಮೊದಲ ಎರಡು ಅಂಕಿ, 90, ಅಂದರೆ ಕೀಳಲಾಗದಂತೆ ಪೆಟ್ಟಿಗೆಯೊಳಗೇ ಕೂರಿಸಿದ ಸಾಧನ. ಮೂರನೆಯ 1 ಅಂದರೆ ಸ್ಪೀಕರ್. ನಾಲ್ಕನೆಯ 7 ಜೋಡಣೆಯ ಬಗೆ. ಐದನೆಯದು ಜ್ಯಾಕಿನ ಬಣ್ಣ. ಹೌದು, ಡೆಸ್ಕ್‌ಟಾಪ್ ಹಿಂದಿನ ತೂತು ಹಸಿರೋ ಗುಲಾಬಿಯೋ ಅನ್ನುವುದಕ್ಕೂ ಇಲ್ಲಿ ಜಾಗ ಇದೆ. ಇಲ್ಲಿ ಜ್ಯಾಕೇ ಇಲ್ಲದ್ದರಿಂದ 0. ಆಮೇಲಿನ 1, ಏನಾದರೂ ಚುಚ್ಚಿದ್ದಾರಾ ಅಂತ ನೋಡುವ ಅಗತ್ಯವಿಲ್ಲ ಅನ್ನುತ್ತದೆ. ಕೊನೆಯ ಎರಡು ಅಂಕಿ, ಯಾವ ಪಿನ್‌ಗಳು ಒಂದು ಗುಂಪು ಮತ್ತು ಗುಂಪಿನಲ್ಲಿ ಯಾವುದು ಮೊದಲು ಎಂದು ಹೇಳುತ್ತವೆ.

ಇನ್ನೊಂದು ಸಂಖ್ಯೆಯೂ ಈ ಕೆಲಸ ಮಾಡುವವರಿಗೆ ಬಾಯಿಪಾಠ: 411111ಎಫ್0. ಈ ಪಿನ್ನಿಗೆ ಏನೂ ಜೋಡಿಸಿಲ್ಲ ಎಂದು ಅದರರ್ಥ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಸ್ಪೀಕರ್ ಇರುವ ಪಿನ್ನಿಗೇ ಬಯೋಸ್ ಈ ಚೀಟಿ ಅಂಟಿಸಿರುತ್ತದೆ. ಲಿನಕ್ಸ್ ಅದನ್ನು ನಂಬಿ ಆ ಪಿನ್ನನ್ನು ಮುಟ್ಟುವುದೇ ಇಲ್ಲ. ವಿಂಡೋಸಿನಲ್ಲಿ ಮಾತ್ರ ಸದ್ದು ಬರಲು ಕಾರಣ, ಕಂಪನಿ ಕೊಟ್ಟ ವಿಂಡೋಸ್ ಡ್ರೈವರಿನಲ್ಲಿ ಸರಿಯಾದ ವಿವರ ಬೇರೆಯಾಗಿ ತುಂಬಿರುತ್ತದೆ. ಬಯೋಸಿನಲ್ಲಿ ತಪ್ಪು ಬರೆದರೂ ಗಿರಾಕಿಗೆ ಗೊತ್ತಾಗುವುದಿಲ್ಲ, ಆದ್ದರಿಂದ ಯಾರೂ ತಿದ್ದುವುದಿಲ್ಲ. ನನ್ನ ಮಟ್ಟಿಗೆ ಇದು ಶುದ್ಧ ಸೋಮಾರಿತನ.

ಈ ಬಗೆಯ ದೋಷ ಸರಿಪಡಿಸುವುದು ಸುಲಭ. ಆಲ್ಸಾ ಸಲಕರಣೆಗಳ ಜೊತೆ ಎಚ್‌ಡಿಎ ಜ್ಯಾಕ್ ರೀಟಾಸ್ಕ್ ಅನ್ನುವ ಸಣ್ಣ ಪ್ರೋಗ್ರಾಂ ಬರುತ್ತದೆ. ಅದು ಪಿನ್‌ಗಳ ಪಟ್ಟಿ ತೋರಿಸುತ್ತದೆ. ಖಾಲಿ ಎಂದು ಹೇಳಿಕೊಳ್ಳುವ ಪಿನ್ ಒಂದನ್ನು "ಒಳಗಿನ ಸ್ಪೀಕರ್" ಎಂದು ಬದಲಾಯಿಸಿ, ಸದ್ದು ಬಂತಾ ನೋಡಿ, ಬರದಿದ್ದರೆ ಇನ್ನೊಂದನ್ನು ಪ್ರಯತ್ನಿಸಬೇಕು. ಸರಿಯಾದದ್ದು ಸಿಕ್ಕ ಮೇಲೆ ಪ್ರತಿ ಸಲ ಬೂಟ್ ಆಗುವಾಗಲೂ ಅನ್ವಯವಾಗುವಂತೆ ಉಳಿಸಬಹುದು. ಅದಕ್ಕೂ ಮುಂಚೆ ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ ಅನ್ನುವ ವಾಲ್ಯೂಮ್ ಪ್ರೋಗ್ರಾಂ ತೆರೆದು, ಎಫ್6 ಒತ್ತಿ ಸರಿಯಾದ ಕಾರ್ಡ್ ಆರಿಸಿಕೊಂಡಿದ್ದೀರಾ, ಯಾವುದಾದರೂ ವಾಲ್ಯೂಮ್ ಕಂಬದ ಕೆಳಗೆ ಎಂಎಂ ಅಂತ ಇದೆಯಾ ಎಂದು ನೋಡಿ. ಎಂಎಂ ಅಂದರೆ ಅದರ ಬಾಯಿ ಮುಚ್ಚಿಸಲಾಗಿದೆ. ಎಂ ಒತ್ತಿದರೆ ತೆರೆಯುತ್ತದೆ. ಟಿವಿಗೆ ಜೋಡಿಸುವ ಎಚ್‌ಡಿಎಂಐ ಮೊದಲ ಕಾರ್ಡಾಗಿ ಕೂತು, ಸದ್ದೆಲ್ಲ ಇಲ್ಲದ ಟಿವಿಗೆ ಹೋಗುತ್ತಿರುವುದೂ ಉಂಟು.

ಇಷ್ಟಾದರೂ ಸದ್ದಿಲ್ಲ ಅಂದರೆ ವಿಷಯ ಆಳದ್ದು. ಆಗ ಒಂದು ಪರೀಕ್ಷೆ ಮಾಡಬಹುದು. ಮೊದಲು ವಿಂಡೋಸ್ ಓಡಿಸಿ, ಯಂತ್ರ ಆರಿಸದೆ ರೀಸ್ಟಾರ್ಟ್ ಮಾಡಿ ಲಿನಕ್ಸಿಗೆ ಬನ್ನಿ. ಈಗ ಸ್ಪೀಕರ್ ಹಾಡಿದರೆ, ಪೂರ್ತಿ ಆರಿಸಿ ಹಚ್ಚಿದಾಗ ಹಾಡದಿದ್ದರೆ, ದೊಡ್ಡ ಸುಳಿವು ಸಿಕ್ಕಿತು. ವಿಂಡೋಸ್ ಡ್ರೈವರ್ ಚಿಪ್ಪಿನೊಳಗೆ ಏನನ್ನೋ ಬರೆದಿದೆ, ಕರೆಂಟ್ ಹೋಗದ್ದರಿಂದ ಅದು ಹಾಗೇ ಉಳಿದಿದೆ. ರಿಯಲ್‌ಟೆಕ್ ಕೋಡೆಕ್‌ಗಳಲ್ಲಿ ಕೋಎಫ್ ಅನ್ನುವ ರಿಜಿಸ್ಟರ್‌ಗಳಿವೆ, ಅಂದರೆ ಚಿಪ್ಪಿನೊಳಗೆ ಸಂಖ್ಯೆ ಬರೆದಿಡುವ ಸಣ್ಣ ಖಾನೆಗಳು. ಮಾನದಂಡದಲ್ಲಿ ಇವುಗಳ ಅರ್ಥ ಎಲ್ಲೂ ಇಲ್ಲ, ತಯಾರಕರ ಒಳಮನೆ ವ್ಯವಹಾರ. ಕರ್ನಲಿಗೆ ಈ ರಿಜಿಸ್ಟರ್‌ಗಳನ್ನೂ ಪಟ್ಟಿ ಮಾಡು ಎಂದು ಹೇಳಬಹುದು. ಸದ್ದು ಬರುವಾಗ ಒಂದು ಪಟ್ಟಿ, ಬಾರದಿರುವಾಗ ಒಂದು ಪಟ್ಟಿ ತೆಗೆದು ಹೋಲಿಸಿದರೆ ಬದಲಾದ ಸಂಖ್ಯೆಗಳು ಕಾಣುತ್ತವೆ. ಅರ್ಥ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಅವನ್ನೇ ಬರೆದರೆ ಎಷ್ಟೋ ಸಲ ಸ್ಪೀಕರ್ ಎದ್ದು ಕೂರುತ್ತದೆ.

ಕೆಲವು ಯಂತ್ರಗಳು ಅದಕ್ಕೂ ಬಗ್ಗುವುದಿಲ್ಲ. ಲೆನೊವೊ ಲೀಜನ್ 7ಐ ಲ್ಯಾಪ್‌ಟಾಪಿನ ಸ್ಪೀಕರ್ ಬಹಳ ಕಾಲ ಹೀಗೇ ಸತಾಯಿಸಿತು. ಕೋಡೆಕ್ ಸರಿಯಿತ್ತು, ಪಿನ್ನೂ ಸರಿಯಿತ್ತು. ಅದರಾಚೆಗಿದ್ದ ಆಂಪ್ಲಿಫೈಯರ್‌ಗಳನ್ನು ಎಬ್ಬಿಸುವವರಿರಲಿಲ್ಲ. ಇಂಥ ಗಂಟು ಬಿಡಿಸಲು ಹೊರಟವರ ಉಪಾಯ ಚೆನ್ನಾಗಿದೆ. ಲಿನಕ್ಸಿನ ಮೇಲೆ ಕ್ಯೂಎಮು ಅನ್ನುವ ತಂತ್ರಾಂಶದಿಂದ ಒಂದು ನಕಲಿ ಕಂಪ್ಯೂಟರ್ ಸೃಷ್ಟಿಸಿ, ಅದರೊಳಗೆ ವಿಂಡೋಸ್ ಓಡಿಸುತ್ತಾರೆ. ನಿಜವಾದ ಸೌಂಡ್ ನಿಯಂತ್ರಕವನ್ನು ಅದರ ಕೈಗೆ ಕೊಡುತ್ತಾರೆ. ವಿಂಡೋಸ್ ಡ್ರೈವರ್ ಕೋಡೆಕ್‌ಗೆ ಕಳಿಸುವ ಪ್ರತಿಯೊಂದು ಆಜ್ಞೆಯೂ ಮೆಮೊರಿಯ ಒಂದು ಸರದಿಯಲ್ಲಿ ಬಂದು ಕೂರಬೇಕು. ಕ್ಯೂಎಮು ಅದನ್ನು ಕದ್ದು ನೋಡಿ ಬರೆದುಕೊಳ್ಳುತ್ತದೆ. ಆ ರಾಶಿಯಲ್ಲಿ ಬೇಡದ್ದನ್ನು ಸೋಸಿ, ಬೇಕಾದಷ್ಟನ್ನೇ ಲಿನಕ್ಸಿನಿಂದ ಕಳಿಸಬೇಕು. ಲೀಜನ್ 7ಐಗೆ ಪರಿಹಾರ ಕರ್ನಲ್ ಸೇರಿದ್ದು 2021ರಲ್ಲಿ. ಅದರಲ್ಲಿರುವುದು ಹೆಚ್ಚಾಗಿ ಅರ್ಥ ಬರೆಯದ ಸಂಖ್ಯೆಗಳ ಉದ್ದದ ಸಾಲು.

ಆಂಪ್ಲಿಫೈಯರ್ ಬೇರೆ ಚಿಪ್ ಆಗುತ್ತಿರುವುದೇ ಈಗಿನ ಲ್ಯಾಪ್‌ಟಾಪ್‌ಗಳ ಹೊಸ ತಲೆನೋವು. ಸಿರಸ್ ಲಾಜಿಕ್‌ನ ಸಿಎಸ್35ಎಲ್41, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಎಸ್2781 ಇಂಥವು. ಇವು ಸುಮ್ನೆ ಸದ್ದು ದೊಡ್ಡದು ಮಾಡುವುದಿಲ್ಲ. ಸ್ಪೀಕರಿಗೆ ಹೋಗುವ ವೋಲ್ಟೇಜ್ ಮತ್ತು ಕರೆಂಟ್ ಅಳೆಯುತ್ತಾ, ಒಳಗಿನ ಸುರುಳಿ ಎಷ್ಟು ಕಾದಿದೆ ಎಂದು ಅಂದಾಜು ಮಾಡುತ್ತವೆ. ಆ ಧೈರ್ಯದಲ್ಲೇ ಸಣ್ಣ ಸ್ಪೀಕರಿನಿಂದ ಅದರ ಶಕ್ತಿಯ ಕೊನೆಯ ಅಂಚಿನವರೆಗೂ ಕೆಲಸ ತೆಗೆಯುತ್ತವೆ. ಆದ್ದರಿಂದ ಇಲ್ಲಿ ಕಣ್ಣು ಮುಚ್ಚಿಕೊಂಡು ಸಂಖ್ಯೆ ಬರೆಯುವುದು ಅಪಾಯ, ಸುರುಳಿ ಸುಟ್ಟುಹೋಗಬಹುದು. ಆಪಲ್‌ನ ಹೊಸ ಮ್ಯಾಕ್‌ಬುಕ್‌ಗಳಿಗೆ ಲಿನಕ್ಸ್ ತಂದ ಅಸಾಹಿ ಲಿನಕ್ಸ್ ತಂಡ ಇದೇ ಭಯಕ್ಕೆ ಸ್ಪೀಕರ್‌ಗಳನ್ನು ಬಹಳ ಕಾಲ ಬಂದ್ ಮಾಡಿಟ್ಟಿತ್ತು. ಸುರುಳಿಯ ಬಿಸಿ ಲೆಕ್ಕ ಹಾಕಿ ಸದ್ದು ತಗ್ಗಿಸುವ ಒಂದು ಕಾವಲು ಪ್ರೋಗ್ರಾಂ ಬರೆದ ಮೇಲೆಯೇ ಅವರು ಸ್ಪೀಕರ್ ಬಿಟ್ಟರು. ಬಳಕೆದಾರರು ಗೊಣಗಿರಬಹುದು, ಆದರೆ ಅದು ಸರಿಯಾದ ತೀರ್ಮಾನ.

ಮೈಕ್ ಕಥೆ ಇನ್ನೊಂದು ಥರ. ಸ್ಪೀಕರ್ ಸರಿಯಿದ್ದು ಮೈಕ್ ಮಾತ್ರ ಕಾಣದಿದ್ದರೆ, ಅಥವಾ ಸೆಟ್ಟಿಂಗ್ಸ್‌ನಲ್ಲಿ "ಡಮ್ಮಿ ಔಟ್‌ಪುಟ್" ಅಂತಷ್ಟೇ ತೋರಿದರೆ, ಎಷ್ಟೋ ಸಲ ಕಾರಣ ಇಂಟೆಲ್ ಚಿಪ್‌ನೊಳಗಿನ ಡಿಎಸ್‌ಪಿ, ಅಂದರೆ ಸದ್ದಿನ ಲೆಕ್ಕಕ್ಕೆಂದೇ ಇರುವ ಸಣ್ಣ ಪ್ರೊಸೆಸರ್. ಹೊಸ ಲ್ಯಾಪ್‌ಟಾಪ್‌ಗಳ ಡಿಜಿಟಲ್ ಮೈಕ್ ಕೋಡೆಕ್ ಬಿಟ್ಟು ನೇರ ಇದಕ್ಕೇ ಜೋಡಣೆಯಾಗಿರುತ್ತದೆ. ಇದಕ್ಕೆ ಸೌಂಡ್ ಓಪನ್ ಫರ್ಮ್‌ವೇರ್ (ಡಿಎಸ್‌ಪಿಯೊಳಗೇ ಓಡುವ ತಂತ್ರಾಂಶ) ಬೇಕು, ಅದರ ಪ್ಯಾಕೇಜ್ ಹಾಕಿದರೆ ಸಾಮಾನ್ಯವಾಗಿ ಕೆಲಸ ಮುಗಿಯಿತು. ತಮಾಷೆ ಏನೆಂದರೆ, 2018ರಿಂದ ಈ ಫರ್ಮ್‌ವೇರಿನ ಮೂಲಕೋಡ್ ಎಲ್ಲರಿಗೂ ತೆರೆದಿದೆ. ಆದರೂ ನೀವೇ ಕಟ್ಟಿದ ಫರ್ಮ್‌ವೇರನ್ನು ಹೆಚ್ಚಿನ ಲ್ಯಾಪ್‌ಟಾಪ್‌ಗಳು ಒಪ್ಪುವುದಿಲ್ಲ. ಇಂಟೆಲ್‌ನ ಸಹಿ ಬೇಕು.

ಹೀಗೆ ಒಬ್ಬರು ಕಂಡುಹಿಡಿದದ್ದು ಉಳಿದವರಿಗೆ ಹೇಗೆ ತಲುಪುತ್ತದೆ? ಕರ್ನಲಿನಲ್ಲಿ ಇದಕ್ಕೆಂದೇ ಉದ್ದನೆಯ ಕೋಷ್ಟಕಗಳಿವೆ. ಪ್ರತಿ ಲ್ಯಾಪ್‌ಟಾಪ್ ಮಾದರಿಗೂ ಸಾಮಾನ್ಯವಾಗಿ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದರ ಮೊದಲರ್ಧ ಕಂಪನಿಯದು: ಆಸುಸ್ ಆದರೆ 1043, ಡೆಲ್ ಆದರೆ 1028. ಉಳಿದರ್ಧ ಮಾದರಿಯದು. "ಈ ಸಂಖ್ಯೆಯ ಯಂತ್ರ ಕಂಡರೆ ಬಯೋಸ್ ಹೇಳಿದ್ದನ್ನು ಬಿಟ್ಟು ಹೀಗೆ ಮಾಡು" ಅನ್ನುವುದು ಒಂದು ಸಾಲು. ರಿಯಲ್‌ಟೆಕ್ ಚಿಪ್‌ಗಳ ಕಡತವೊಂದೇ ಇಂಥ ತಿದ್ದುಪಡಿಗಳಿಂದ ಊದಿ 10,000 ಸಾಲು ದಾಟಿತ್ತು. ಹೊಸ ಸಾಲು ಸೇರಿಸಬೇಕಾದರೆ ಆಲ್ಸಾ-ಇನ್ಫೋ ಅನ್ನುವ ಸ್ಕ್ರಿಪ್ಟ್ ಓಡಿಸಿ, ಬಂದ ಮಾಹಿತಿಯನ್ನು ಕರ್ನಲ್ ಸೌಂಡ್ ತಂಡಕ್ಕೆ ಕಳಿಸಬೇಕು. ಪಿನ್ ಚೀಟಿಗಳು, ಗುರುತಿನ ಸಂಖ್ಯೆ ಎಲ್ಲ ಅದರಲ್ಲೇ ಇರುತ್ತವೆ.

ಸೇರಿದ ಸಾಲು ಹಳೆಯ ಸ್ಟೇಬಲ್ ಕರ್ನಲ್‌ಗಳಿಗೂ ಇಳಿದು ಬರುತ್ತದೆ, ಆದರೆ ಸ್ವಲ್ಪ ತಡವಾಗಿ. ಉಬುಂಟು, ಫೆಡೋರಾದಂಥ ಎಲ್ಲ ಲಿನಕ್ಸ್ ವಿತರಣೆಗಳೂ ಒಂದೇ ವೇಗದಲ್ಲಿ ಅದನ್ನು ಎತ್ತಿಕೊಳ್ಳುವುದಿಲ್ಲ. ಹಾಗಾಗಿ ಪಿನ್, ಕೋಎಫ್ ಅಂತ ಕೈ ಹಾಕುವ ಮೊದಲು, ಇತ್ತೀಚಿನ ಕರ್ನಲ್ ಇರುವ, ಇನ್‌ಸ್ಟಾಲ್ ಮಾಡದೆಯೇ ಓಡುವ ಲೈವ್ ಪೆನ್‌ಡ್ರೈವ್ ಒಂದರಿಂದ ಬೂಟ್ ಮಾಡಿ ನೋಡುವುದು ಜಾಣತನ. ಅಲ್ಲಿ ಸದ್ದು ಬಂದರೆ ನಿಮ್ಮ ಯಂತ್ರದ ಸಾಲನ್ನು ಯಾರೋ ಆಗಲೇ ಬರೆದಿದ್ದಾರೆ, ಕರ್ನಲ್ ಹೊಸದು ಮಾಡಿಕೊಂಡರೆ ಸಾಕು. ಪೆನ್‌ಡ್ರೈವ್ ಹಾಕುವ ಮುಂಚೆ ಯಂತ್ರವನ್ನು ಪೂರ್ತಿ ಆರಿಸಿ. ವಿಂಡೋಸಿನಿಂದ ನೇರ ರೀಸ್ಟಾರ್ಟ್ ಮಾಡಿ ಬಂದರೆ, ಸದ್ದು ಹೊಸ ಕರ್ನಲಿನದೋ ವಿಂಡೋಸ್ ಬಿಟ್ಟುಹೋದ ಸಂಖ್ಯೆಗಳದೋ ತಿಳಿಯುವುದಿಲ್ಲ.