ಒಳಗಿನ ಬಾಡಿಗೆದಾರ ರಕ್ತಕ್ಕೆ ಇಳಿದಾಗ

ಶಿಲೀಂಧ್ರ ಎಂದರೆ ನಮಗೆ ನೆನಪಾಗುವುದು ಗೋಡೆಯ ಬೂಷ್ಟು, ಇಲ್ಲವೇ ಚರ್ಮದ ಹುಳುಕಡ್ಡಿ. ಮುಲಾಮು ಹಚ್ಚಿದರೆ ಹೋಗುವಂಥದ್ದು. ಅದೇ ಕುಲದ ಕ್ಯಾಂಡಿಡಾ ಎಂಬ ಯೀಸ್ಟ್ ಬಹಳ ಜನರ ಬಾಯಿ, ಕರುಳುಗಳಲ್ಲಿ ಬಾಡಿಗೆದಾರನಂತೆ ತೆಪ್ಪಗೆ ಇರುತ್ತದೆ. ಅಕ್ಕಪಕ್ಕದ ಬ್ಯಾಕ್ಟೀರಿಯಾಗಳು ಅದಕ್ಕೆ ಜಾಗ ಬಿಡುವುದಿಲ್ಲ, ಕರುಳಿನ ಗೋಡೆ ದಾಟಲು ಬಿಡುವುದಿಲ್ಲ, ದಾಟಿದರೂ ಬಿಳಿ ರಕ್ತಕಣಗಳು ಮುಗಿಸಿಬಿಡುತ್ತವೆ.

ವಿಚಿತ್ರವೆಂದರೆ, ಈ ಮೂರೂ ಕಾವಲು ಸಡಿಲವಾಗುವುದು ಜೀವ ಉಳಿಸುವ ಚಿಕಿತ್ಸೆಯಿಂದಲೇ. ಆಂಟಿಬಯಾಟಿಕ್ ನೆರೆಹೊರೆಯನ್ನು ಖಾಲಿ ಮಾಡಿಸುತ್ತದೆ; ಹೊಟ್ಟೆಯ ಶಸ್ತ್ರಚಿಕಿತ್ಸೆ ಗೋಡೆಗೆ ಕೈಹಾಕುತ್ತದೆ; ಕೀಮೋಥೆರಪಿ ಬಿಳಿ ಕಣಗಳನ್ನು ತಗ್ಗಿಸುತ್ತದೆ. ಇದರ ಮೇಲೆ, ದೊಡ್ಡ ರಕ್ತನಾಳಕ್ಕೆ ಹಾಕಿದ ಸೆಂಟ್ರಲ್ ಲೈನ್ ಎಂಬ ಕೊಳವೆ ಚರ್ಮದಿಂದ ರಕ್ತಕ್ಕೆ ನೇರ ದಾರಿ. ಹಾಗಾಗಿ ಕ್ಯಾಂಡಿಡಾ ರಕ್ತಕ್ಕೆ ಇಳಿಯುವ ಈ ಸೋಂಕು ಹೆಚ್ಚಾಗಿ ಐಸಿಯುವಿನ ಕಾಯಿಲೆ. ಸಿಹಿ ತಿಂದರೆ ಮೈಯೆಲ್ಲ ಕ್ಯಾಂಡಿಡಾ ಎಂದು ಹೆದರಿಸಿ ಪುಡಿ ಮಾರುವವರ ಮಾತಿಗೂ ಇದಕ್ಕೂ ಸಂಬಂಧವಿಲ್ಲ.

ಇದಕ್ಕೆಂದೇ ಬೇರೆ ಲಕ್ಷಣಗಳಿಲ್ಲ. ಆಂಟಿಬಯಾಟಿಕ್ ಕೊಟ್ಟರೂ ಇಳಿಯದ ಜ್ವರ, ಚಳಿ, ಕುಸಿಯುವ ಬಿಪಿ. ಬ್ಲಡ್ ಕಲ್ಚರ್, ಅಂದರೆ ರಕ್ತವನ್ನು ಬಾಟಲಿಯಲ್ಲಿಟ್ಟು ಅದರಲ್ಲಿ ಏನು ಬೆಳೆಯುತ್ತದೆ ಎಂದು ನೋಡುವ ಪರೀಕ್ಷೆ ಮಾಡಿದರೆ ಫಲಿತಾಂಶಕ್ಕೆ ಒಂದೆರಡು ದಿನ ಬೇಕು. ದೇಹದೊಳಗೆ ಬೇರೂರಿದ ಕ್ಯಾಂಡಿಡಾ ಸೋಂಕುಗಳಲ್ಲಿ ಸುಮಾರು ಅರ್ಧದಷ್ಟು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೇ ಒಂದೇ ಒಂದು ಬಾಟಲಿಯಲ್ಲಿ ಯೀಸ್ಟ್ ಬೆಳೆದರೂ, ಎಲ್ಲೋ ಕೊಳೆ ಸೇರಿರಬೇಕು ಎಂದು ವೈದ್ಯರು ತಳ್ಳಿಹಾಕುವುದಿಲ್ಲ.

ಲ್ಯಾಬಿನಲ್ಲಿ ಒಂದು ಹಳೆಯ, ಸೊಗಸಾದ ಪರೀಕ್ಷೆಯಿದೆ. ಬೆಳೆದ ಯೀಸ್ಟನ್ನು ಚೂರು ಸೀರಮ್‌ನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಕಲಸಿ 37 ಡಿಗ್ರಿ ಶಾಖದಲ್ಲಿ ಎರಡು ಮೂರು ಗಂಟೆ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅದು ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಪ್ರಭೇದವಾಗಿದ್ದರೆ ದುಂಡು ಕೋಶದ ಬದಿಯಿಂದ, ನೆನೆಸಿದ ಕಾಳು ಮೊಳಕೆ ಬಿಟ್ಟ ಹಾಗೆ, ಸಪೂರ ಕೊಳವೆ ಹೊರಟಿರುತ್ತದೆ. ಅಂಗಾಂಶದೊಳಗೆ ತೂರುವುದೂ ಇಂಥ ಎಳೆಗಳ ಬಲದಿಂದಲೇ. ಕಣ್ಣಿನ ಹಿಂಭಾಗ, ಹೃದಯದ ಕವಾಟ, ಮೂತ್ರಪಿಂಡ, ಎಲ್ಲಿ ಬೇಕಾದರೂ ಅದು ನೆಲೆಯೂರಬಹುದು. ಜ್ವರದ ರೋಗಿಗೆ ಕಣ್ಣಿನ ವೈದ್ಯರೇಕೆ ಬಂದರು ಎಂದು ಮನೆಯವರು ಗಾಬರಿಯಾಗುವುದುಂಟು, ಕಾರಣ ಇದು.

ಇನ್ನು ಔಷಧಿ. ಬ್ಯಾಕ್ಟೀರಿಯಾಕ್ಕಿಂತ ಶಿಲೀಂಧ್ರ ನಮಗೆ ಹತ್ತಿರದ ನೆಂಟ; ಅದರ ಕೋಶ ನಮ್ಮ ಕೋಶದಂತೆಯೇ ಇರುವುದರಿಂದ ಹೊಡೆಯಲು ಜಾಗ ಕಡಿಮೆ. ಆಂಫೋಟೆರಿಸಿನ್ ಎಂಬ ಔಷಧಿ ಅದರ ಪೊರೆಯಲ್ಲಿರುವ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವಿಗೆ ಅಂಟಿಕೊಳ್ಳುತ್ತದೆ, ಆದರೆ ನಮ್ಮ ಮೂತ್ರಪಿಂಡಕ್ಕೂ ಪೆಟ್ಟು ಕೊಡಬಲ್ಲದು. ಈಗ ಸಾಮಾನ್ಯವಾಗಿ ಮೊದಲು ಕೊಡುವ ಎಕೈನೋಕ್ಯಾಂಡಿನ್‌ಗಳು ಗ್ಲೂಕಾನ್ ಎಂಬ ವಸ್ತುವಿನಿಂದ ಕೋಶಭಿತ್ತಿ ಕಟ್ಟುವ ಕೆಲಸವನ್ನೇ ನಿಲ್ಲಿಸುತ್ತವೆ. ನಮ್ಮ ಕೋಶಗಳಿಗೆ ಆ ಭಿತ್ತಿಯೇ ಇಲ್ಲ. ಆದರೆ 2009ರಲ್ಲಿ ಜಪಾನಿನ ರೋಗಿಯೊಬ್ಬರ ಕಿವಿಯಿಂದ ಗುರುತಿಸಲಾದ ಕ್ಯಾಂಡಿಡಾ ಆರಿಸ್ ಹಲವು ಔಷಧಿಗಳಿಗೆ ಜಗ್ಗುವುದಿಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅತಿ ಗಂಭೀರ ಶಿಲೀಂಧ್ರಗಳ ಸಾಲಿಗೆ ಸೇರಿಸಿತು.

ಔಷಧಿಯಷ್ಟೇ ಮುಖ್ಯ, ಆದಷ್ಟು ಬೇಗ ಆ ಸೆಂಟ್ರಲ್ ಲೈನನ್ನು ತೆಗೆಯುವುದು. ಅದರ ಒಳಮೈಗೆ ಲೋಳೆಯಂತೆ ಹತ್ತಿಕೊಂಡ ಶಿಲೀಂಧ್ರಕ್ಕೆ ಔಷಧಿ ಸರಿಯಾಗಿ ತಾಗುವುದಿಲ್ಲ. ಆಮೇಲೆ ಮತ್ತೆ ಮತ್ತೆ ಕಲ್ಚರ್. ಜ್ವರ ಬಿಟ್ಟಿತಲ್ಲ, ಇಂಜೆಕ್ಷನ್ ಇನ್ನೂ ಯಾಕೆ ಎಂದು ಕೇಳುವವರಿರುತ್ತಾರೆ. ಚಿಕಿತ್ಸೆ ಕನಿಷ್ಠ 14 ದಿನ ನಡೆಯಬೇಕು, ಮತ್ತು ಆ ಲೆಕ್ಕ ಶುರುವಾಗುವುದು ಮೊದಲ ಡೋಸಿನಿಂದಲ್ಲ, ರಕ್ತ ಶುದ್ಧವಾಗಿದೆ ಎಂದು ಕಲ್ಚರ್ ತೋರಿಸಿದ ದಿನದಿಂದ.